ಹಿರೇಹಳ್ಳಿಯ ಕುಳ್ಳ ಅಡಿಕೆ: ಮರದ ಎತ್ತರ ಯಾರ ಲೆಕ್ಕಕ್ಕೆ?

ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿ ನಮ್ಮ ತಂಡ ಯಾವ ಪ್ರಾಜೆಕ್ಟ್ ಮಾಡಿತು ಅಂತ ಕೇಳಿದರೆ ತುಮಕೂರಿನವರು ಯಾರಾದರೂ ಊಹಿಸಿಬಿಡುತ್ತಾರೆ: ಅಡಿಕೆ ಮರ ಹತ್ತುವ ಯಂತ್ರ. ನಮ್ಮ ಕಡೆಯ ಕಾಲೇಜುಗಳಲ್ಲಿ ಒಂದೊಂದು ಬ್ಯಾಚಿಗೆ ಒಂದಾದರೂ ತಂಡ ಇದನ್ನು ಮಾಡೇ ಮಾಡುತ್ತೆ. ನಮ್ಮದರಲ್ಲಿ ನಾಲ್ಕು ರಬ್ಬರ್ ಚಕ್ರ, ಎರಡು ಸ್ಪ್ರಿಂಗು, ಗುಜರಿಯಲ್ಲಿ ಕೊಂಡ ಒಂದು ವೈಪರ್ ಮೋಟರ್ ಇದ್ದವು. ವರ್ಕ್‌ಶಾಪಿನಲ್ಲಿ ನಿಲ್ಲಿಸಿದ್ದ ಪಿವಿಸಿ ಪೈಪನ್ನು ಸರಾಗವಾಗಿ ಹತ್ತಿತು. ಆಮೇಲೆ ಗುಬ್ಬಿ ಹತ್ತಿರದ ನಮ್ಮ ಸೋದರಮಾವನ ತೋಟಕ್ಕೆ ಒಯ್ದು ನಿಜವಾದ ಮರಕ್ಕೆ ಕಟ್ಟಿದೆವು. ಹನ್ನೆರಡು ಅಡಿ ಹೋಗಿ, ಪಾಚಿಯ ಮೇಲೆ ಜಾರಿ, ಅಲ್ಲೇ ಗಿರಗಿರ ತಿರುಗುತ್ತಾ ನಿಂತುಬಿಟ್ಟಿತು. ಇಳಿಸೋಣ ಅಂದರೆ ರಿವರ್ಸ್ ಸ್ವಿಚ್ಚೂ ಕೆಲಸ ಮಾಡಲಿಲ್ಲ.

ಆವತ್ತು ಗೊನೆ ಕೀಳೋಕೆ ಬಂದಿದ್ದ ಒಬ್ಬರು ಕಾಲಿಗೆ ಹಗ್ಗ ಸುತ್ತಿಕೊಂಡು ಅರ್ಧ ನಿಮಿಷದಲ್ಲಿ ಮೇಲೆ ಹೋಗಿ, ಯಂತ್ರ ಬಿಚ್ಚಿ ಕೆಳಗೆ ಕೊಟ್ಟರು. "ಇದನ್ನ ಇಳ್ಸಾಕೂ ನಾನೇ ಬೇಕಾಯ್ತಲ್ಲಣ್ಣ" ಅಂದರು. ನಾವು ಪ್ರಾಜೆಕ್ಟ್ ವರದಿಯಲ್ಲಿ 'ಪ್ರಯೋಗ ಯಶಸ್ವಿ' ಅಂತ ಬರೆದೆವು. ಅಂಕವೂ ಬಂತು.

ಎಷ್ಟೋ ವರ್ಷ ಆದಮೇಲೆ, ಎಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದಮೇಲೆ, ನನಗೊಂದು ವಿಷಯ ಗೊತ್ತಾಯಿತು. ನಾವು ಹತ್ತುವ ಯಂತ್ರದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿದ್ದಾಗ, ಮರವನ್ನೇ ಗಿಡ್ಡ ಮಾಡುವ ಕೆಲಸ ಆಗಲೇ ಒಂದು ಘಟ್ಟ ಮುಟ್ಟಿತ್ತು. ಅದಕ್ಕೆ ಬೇಕಾದ ಮೂಲ ಮರ ಸಿಕ್ಕಿದ್ದು ತುಮಕೂರಿನ ಪಕ್ಕದಲ್ಲೇ, ಬೆಂಗಳೂರು ಹೆದ್ದಾರಿಯಲ್ಲಿ ಬಸ್ಸಿನಿಂದ ಕಾಣುವ ಹಿರೇಹಳ್ಳಿಯಲ್ಲಿ. ಈಗ ಹಿರೇಹಳ್ಳಿ ಅಂದರೆ ಕೈಗಾರಿಕಾ ಪ್ರದೇಶ ನೆನಪಾಗುತ್ತೆ. ಸಸ್ಯ ವಿಜ್ಞಾನಿಗಳಿಗೆ ಮಾತ್ರ ಆ ಹೆಸರು ಹೇಳಿದರೆ ನೆನಪಾಗೋದು 'ಹಿರೇಹಳ್ಳಿ ಡ್ವಾರ್ಫ್', ಅಂದರೆ ಹಿರೇಹಳ್ಳಿಯ ಕುಳ್ಳ ಅಡಿಕೆ.

ಇದು ಯಾರೂ ಲ್ಯಾಬಿನಲ್ಲಿ ಮಾಡಿದ್ದಲ್ಲ. ತಾನಾಗಿ ಹುಟ್ಟಿದ ರೂಪಾಂತರ, ಜೀವಶಾಸ್ತ್ರದ ಭಾಷೆಯಲ್ಲಿ ಮ್ಯುಟೇಶನ್. ಅಕ್ಕಪಕ್ಕದ ಮರಗಳು ತಲೆ ಎತ್ತಿ ನೋಡುವಷ್ಟು ಬೆಳೆದರೆ ಇದು ಮಾತ್ರ ಗಿಡ್ಡಗೆ, ಗುಂಡಗೆ, ಒಂದರ ಮೇಲೊಂದು ಬಳೆ ಪೇರಿಸಿಟ್ಟ ಹಾಗೆ ನಿಂತಿರುತ್ತೆ. ಕಾಂಡ ಗಟ್ಟಿ, ಸೋಗೆ ಮೋಟು, ಗೊನೆಯೂ ಮೋಟು.

ಆ ಬಳೆಗಳಲ್ಲೇ ಇರೋದು ಗುಟ್ಟು.

ಅಡಿಕೆ ಮರದ ಮೈಮೇಲೆ ಕಾಣುವ ಒಂದೊಂದು ಉಂಗುರವೂ ಒಂದೊಂದು ಸೋಗೆ ಉದುರಿದ ಗುರುತು. ಎರಡು ಉಂಗುರದ ನಡುವಿನ ಅಂತರಕ್ಕೆ ಗಿಣ್ಣಿನ ಅಂತರ ಅನ್ನೋಣ. ವರ್ಷಕ್ಕೆ ಒಂದು ಮರ ಆರೇಳು ಸೋಗೆ ಬಿಡುತ್ತೆ, ಅಷ್ಟೇ ಉದುರಿಸುತ್ತೆ. ಒಂದು ಕಾಗದದ ಲೆಕ್ಕ ನೋಡಿ. ವರ್ಷಕ್ಕೆ ಏಳು ಸೋಗೆ ಅಂದರೆ ಇಪ್ಪತ್ತು ವರ್ಷಕ್ಕೆ 140 ಉಂಗುರ. ಸರಾಸರಿ ಗಿಣ್ಣಿನ ಅಂತರ ಹತ್ತು ಸೆಂಟಿಮೀಟರ್ ಇದ್ದರೆ ಮರ 14 ಮೀಟರ್, ಹತ್ತಿರ ಹತ್ತಿರ ನಾಲ್ಕು ಮಹಡಿ. ಅದೇ ಅಂತರ ಮೂರು ಸೆಂಟಿಮೀಟರ್ ಆದರೆ 4.2 ಮೀಟರ್, ಏಣಿ ಇಟ್ಟರೆ ಸಿಗುತ್ತೆ. ಎರಡೂ ಮರದ ವಯಸ್ಸು ಒಂದೇ, ಬಿಟ್ಟ ಸೋಗೆಯ ಲೆಕ್ಕವೂ ಒಂದೇ. ಕುಳ್ಳ ಮರ ಬೆಳೆಯೋದನ್ನು ನಿಲ್ಲಿಸಿಲ್ಲ, ಗಿಣ್ಣಿನ ಅಂತರ ಕಮ್ಮಿ ಮಾಡಿಕೊಂಡಿದೆ, ಅಷ್ಟೆ. ಮೂವತ್ತು ವರ್ಷವಾದರೆ ಅದೂ ಎತ್ತರ ಆಗುತ್ತೆ, ನಿಧಾನವಾಗಿ.

ಬೇರೆ ಗಿಡಗಳಿಗಾದರೆ ಇಷ್ಟು ಒದ್ದಾಡಬೇಕಿಲ್ಲ. ತೊಗರಿಯ ಕುಡಿ ಚಿವುಟಿದರೆ ಪಕ್ಕದಲ್ಲಿ ನಾಲ್ಕು ಕವಲು ಒಡೆಯುತ್ತೆ. ತುದಿಯ ಮೊಗ್ಗು 'ಆಕ್ಸಿನ್' ಅನ್ನೋ ಹಾರ್ಮೋನು ಕೆಳಗೆ ಕಳಿಸಿ ಪಕ್ಕದ ಮೊಗ್ಗುಗಳನ್ನು ತಡೆದಿರುತ್ತೆ. ತುದಿ ಹೋದರೆ ಆ ತಡೆ ಸಡಿಲವಾಗುತ್ತೆ. ಗಿಡದ ಆಕಾರ ಬದಲಿಸೋದರಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಆಟ ಆಡಿರೋರ ಪೈಕಿ ಗಾಂಜಾ ತಳಿಗಾರರೂ ಬರುತ್ತಾರೆ. ಕಾನೂನು ಒಪ್ಪುವ ದೇಶಗಳಲ್ಲಿ ಅವರು ಮನೆಯೊಳಗಿನ ದೀಪದ ಬೆಳಕಿಗೆ ತಕ್ಕಂತೆ ಗಿಡ್ಡನೆಯ, ಕವಲು ಹೆಚ್ಚಿರುವ, ಗಿಣ್ಣು ಹತ್ತಿರ ಹತ್ತಿರ ಇರುವ ಗಿಡಗಳನ್ನು ಆರಿಸುತ್ತಾ ಬಂದಿದ್ದಾರೆ. ನಾಲ್ಕು ತಿಂಗಳಿಗೆ ಒಂದು ತಲೆಮಾರು ಮುಗಿಯುತ್ತೆ. ಇಷ್ಟವಾದ ಗಿಡದ ಕಡ್ಡಿ ನೆಟ್ಟು ತದ್ರೂಪು ಮಾಡಬಹುದು. (ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಇದೆ, ಆ ಪ್ರಯೋಗ ಯಾರೂ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಪಟ್ಟಿ ಮಾಡಿದ ಅಡಿಕೆಯನ್ನು ಮಾತ್ರ ನಾವು ಮದುವೆ ತಟ್ಟೆಯಲ್ಲಿಟ್ಟು ಕೊಡುತ್ತೇವೆ. ಆ ಜಗಳ ಇನ್ನೊಂದು ದಿನ ಆಡೋಣ.)

ನಮ್ಮ ಅವರೆಯ ಕತೆಯೂ ಇಂಥದ್ದೇ. ನಾಡ ಅವರೆ ಬಳ್ಳಿಯಾಗಿ ಹಬ್ಬಿ, ಹಗಲು ಕಿರಿದಾದ ಚಳಿಗಾಲಕ್ಕೇ ಹೂ ಬಿಡೋದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಬಳ್ಳಿ ಬಿಟ್ಟು ಪೊದೆಯಾದವು, ಹಗಲಿನ ಉದ್ದದ ಹಂಗೂ ಬಿಟ್ಟವು. ವರ್ಷವಿಡೀ ಮಾರುಕಟ್ಟೆಯಲ್ಲಿ ಅವರೆಕಾಯಿ ಕಾಣಿಸೋದರ ಹಿಂದೆ ಗಿಡದ ಸ್ವಭಾವ ಬದಲಿಸಿದ ಈ ಕೆಲಸ ಇದೆ.

ಅಡಿಕೆಗೆ ಇದ್ಯಾವುದೂ ನಡೆಯಲ್ಲ. ಅದಕ್ಕಿರೋದು ಒಂದೇ ಸುಳಿ. ಆ ಸುಳಿ ಕತ್ತರಿಸಿದರೆ ಮರ ಕವಲೊಡೆಯಲ್ಲ, ಸಾಯುತ್ತೆ. ಮಾವು, ಹಲಸಿನ ಹಾಗೆ ವರ್ಷ ವರ್ಷ ದಪ್ಪವಾಗುವ ಪದರವೂ ಅದರ ಕಾಂಡದಲ್ಲಿಲ್ಲ. ಹಾಗಾಗಿ ಕಂಬ ಉದ್ದ ಆಗುತ್ತಾ ಹೋಗುತ್ತೆ, ದಪ್ಪ ಮಾತ್ರ ಅಷ್ಟೇ ಇರುತ್ತೆ. ಎಂಜಿನಿಯರಿಂಗ್ ಓದಿದವರಿಗೆ ಆಯ್ಲರ್ ಸೂತ್ರ ನೆನಪಿರಬಹುದು: ಕಂಬದ ಉದ್ದ ಎರಡರಷ್ಟಾದರೆ ಬಾಗದೆ ಅದು ಹೊರಬಲ್ಲ ಭಾರ ಕಾಲು ಭಾಗಕ್ಕೆ ಇಳಿಯುತ್ತೆ. ಆ ಕಂಬದ ತುದಿಯಲ್ಲಿ ಒಬ್ಬ ಮನುಷ್ಯ ಕೂತು, ಮರವನ್ನು ಜೋಲಿ ಹೊಡೆಸಿ, ಒಂಬತ್ತಡಿ ಆಚೆಯ ಪಕ್ಕದ ಮರವನ್ನು ಕೈಚಾಚಿ ಹಿಡಿದು ದಾಟಿಕೊಳ್ಳುತ್ತಾನೆ. ಇಳಿದು ಹತ್ತುವ ಶ್ರಮ ಉಳಿಯುತ್ತೆ ಅಂತ. ನಾನು ಮೊದಲ ಸಲ ಅದನ್ನು ನೋಡಿದಾಗ ಕಣ್ಣು ಮುಚ್ಚಿಕೊಂಡಿದ್ದೆ.

ಇಲ್ಲಿ ತುಮಕೂರಿನ ಒಂದು ವಿಶೇಷ ಹೇಳಲೇಬೇಕು. ಕರಾವಳಿಯಲ್ಲಿ ಮಾಡೋದು ಹೆಚ್ಚಾಗಿ ಚಾಲಿ: ಕಾಯಿ ಹಣ್ಣಾಗೋವರೆಗೆ ಬಿಟ್ಟು, ಒಣಗಿಸಿ, ಸುಲಿಯೋದು. ಹಣ್ಣಡಿಕೆ ಅಷ್ಟಿಷ್ಟು ತಾನೇ ಉದುರಿದರೂ ಆರಿಸಿಕೊಳ್ಳಬಹುದು. ನಮ್ಮ ಬಯಲುಸೀಮೆಯಲ್ಲಿ ನಡೆಯೋದು ಕೆಂಪಡಿಕೆ. ಕಾಯಿ ಹಸಿರಾಗಿರುವಾಗಲೇ ಕಿತ್ತು, ಸುಲಿದು, ಚೊಗರಿನಲ್ಲಿ ಬೇಯಿಸಬೇಕು. ಬಲಿತರೆ ದರ್ಜೆ ಹೋಯಿತು. ಒಂದು ಮರದ ಗೊನೆಗಳು ಒಟ್ಟಿಗೆ ಹದಕ್ಕೆ ಬರಲ್ಲ, ಹಾಗಾಗಿ ಒಂದೇ ಮರಕ್ಕೆ ಒಂದು ಸೀಸನ್ನಿನಲ್ಲಿ ಹಲವು ಸಲ ಹತ್ತಬೇಕು. ಉದುರಲಿ ಅಂತ ಕಾಯೋ ಹಾಗಿಲ್ಲ. ಮರದ ಎತ್ತರ ಅತಿ ಹೆಚ್ಚು ಕಾಡೋದು ನಮ್ಮ ಕಡೆಯ ಈ ಹಸಿ ಕೊಯ್ಲಿನಲ್ಲಿ.

ಕುಳ್ಳ ತಾಯಿ, ಎತ್ತರದ ತಂದೆ

ಹಾಗಾದರೆ ಹಿರೇಹಳ್ಳಿಯ ಕುಳ್ಳ ಮರವನ್ನೇ ತೋಟದ ತುಂಬಾ ಹಾಕಬಹುದಿತ್ತಲ್ಲ? ಆಗಲ್ಲ. ಅದರ ಇಳುವರಿ ಕಡಿಮೆ, ಕಾಯಿ ಸಣ್ಣ, ಆಕಾರ ಸೊಟ್ಟ. ಹಸಿರು ಕ್ರಾಂತಿಯ ಕುಳ್ಳ ಗೋಧಿ, ಕುಳ್ಳ ಭತ್ತದ ಜೊತೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತೆ. 1966ರಲ್ಲಿ ಬಂದ ಐಆರ್-8 ಭತ್ತ ಗಿಡ್ಡವಾದದ್ದರಿಂದಲೇ ಇಳುವರಿ ಹೆಚ್ಚಿತು. ಹುಲ್ಲಿಗೆ ಹೋಗುತ್ತಿದ್ದ ಶಕ್ತಿ ತೆನೆಗೆ ಬಂತು, ಗೊಬ್ಬರ ಹಾಕಿದರೂ ಪೈರು ಮಲಗಲಿಲ್ಲ. ಅಲ್ಲಿ ಗಿಡ್ಡತನವೇ ಲಾಭ. ನಮ್ಮ ಕುಳ್ಳ ಅಡಿಕೆಯಲ್ಲಿ ಮರದ ಜೊತೆ ಸೋಗೆಯೂ ಗೊನೆಯೂ ಕಾಯಿಯೂ ಕುಗ್ಗಿದವು.

ವಿಟ್ಲದಲ್ಲಿರುವ ಅಡಿಕೆ ಸಂಶೋಧನಾ ಕೇಂದ್ರದವರು ದಾರಿ ಹುಡುಕಿದರು. ಆ ಕೇಂದ್ರ ಶುರುವಾದದ್ದು 1956ರಲ್ಲಿ. 1970ರಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹುಟ್ಟಿದಾಗ ಅದರ ಭಾಗವಾಯಿತು. ಅಲ್ಲಿ ಹಿರೇಹಳ್ಳಿಯ ಕುಳ್ಳನನ್ನು ತಾಯಿ ಮಾಡಿಕೊಂಡು, ಒಳ್ಳೆ ಫಸಲಿನ ಎತ್ತರದ ತಳಿಗಳನ್ನು ತಂದೆ ಮಾಡಿ ಸಂಕರ ಮಾಡಿದರು. ಇಂಡೋನೇಷ್ಯಾ ಮೂಲದ ಸುಮಂಗಳ ಜೊತೆ ಸೇರಿಸಿದ್ದು ವಿಟಿಎಲ್‌ಎಎಚ್-1. ಪಶ್ಚಿಮ ಬಂಗಾಳದ ಮೋಹಿತ್‌ನಗರ ತಳಿಯ ಜೊತೆ ಸೇರಿಸಿದ್ದು ವಿಟಿಎಲ್‌ಎಎಚ್-2. ಎರಡೂ 2006ರಲ್ಲಿ ಬಿಡುಗಡೆಯಾದವು. ಕುಳ್ಳತನ ತಾಯಿಯಿಂದ ಬಂತು, ಕಾಯಿಯ ಗುಣ ಸುಧಾರಿಸಿತು. ಬಿಡುಗಡೆ ಹೊತ್ತಿನಲ್ಲಿ ಕೊಟ್ಟ ಸರಾಸರಿ ಇಳುವರಿ: ಮರಕ್ಕೆ ವರ್ಷಕ್ಕೆ ಮೊದಲನೆಯದು 2.54 ಕೆ.ಜಿ., ಎರಡನೆಯದು 2.64 ಕೆ.ಜಿ. ಚಾಲಿ.

ಚಾಲಿ ಲೆಕ್ಕ ಅನ್ನೋದನ್ನು ಗಮನಿಸಿ. ಮೂಲ ಮರ ಬಯಲುಸೀಮೆಯದ್ದು, ಅಳತೆ ಕರಾವಳಿಯದ್ದು. ತಪ್ಪು ಹುಡುಕೋಕೆ ಹೇಳುತ್ತಿಲ್ಲ, ಸಂಶೋಧನಾ ಕೇಂದ್ರ ಇರೋದು ಅಲ್ಲಿ. ಆದರೆ ಗುಬ್ಬಿಯ ರೈತ ಕೇಳೋದು ಬೇಯಿಸಿದ ಮೇಲೆ ಕೆಂಪಡಿಕೆ ಎಷ್ಟು ಕ್ವಿಂಟಾಲ್ ಆಗುತ್ತೆ, ವ್ಯಾಪಾರಿ ಅದನ್ನು ಯಾವ ದರ್ಜೆಗೆ ಹಾಕುತ್ತಾನೆ ಅಂತ.

ಇನ್ನೊಂದು ತೊಡಕು ಸಸಿಯದ್ದು. ಅಡಿಕೆಯ ಹೊಂಬಾಳೆಯಲ್ಲಿ ಗಂಡು ಹೂ ಸಾವಿರಾರು, ಬುಡದಲ್ಲಿ ಹೆಣ್ಣು ಹೂ ಕೆಲವು ನೂರು. ಗಂಡು ಹೂಗಳ ಸರದಿ ಮುಗಿದಮೇಲೆ ಹೆಣ್ಣು ಹೂ ಅರಳೋದು. ಅಂದರೆ ಪರಾಗ ಬೇರೆ ಹೊಂಬಾಳೆಯಿಂದ, ಬಹುಪಾಲು ಬೇರೆ ಮರದಿಂದಲೇ ಬರಬೇಕು. ಸಂಕರ ಬೀಜ ಬೇಕಾದರೆ ಗಂಡು ಹೂವಿನ ಎಳೆಗಳನ್ನು ಕೈಯಿಂದಲೇ ಕತ್ತರಿಸಿ, ಹೊಂಬಾಳೆಗೆ ಚೀಲ ಕಟ್ಟಿ, ಆರಿಸಿದ ತಂದೆಮರದ ಪರಾಗ ತಂದು ಉದುರಿಸಬೇಕು. ಪ್ರತಿ ಹೊಂಬಾಳೆಗೂ ಇಷ್ಟು ಕೆಲಸ. ತಾಯಿ ಕುಳ್ಳ ಆಗಿರೋದರಿಂದ ಕೈಗೆ ಎಟಕುತ್ತೆ ಅನ್ನೋದಷ್ಟೇ ಸಮಾಧಾನ. ಕಡ್ಡಿ ನೆಟ್ಟು ಬೆಳೆಸೋಕೆ ಕವಲಿಲ್ಲ, ಕಸಿ ಆಗಲ್ಲ. ಅಂಗಾಂಶ ಕೃಷಿಯ ವಿಧಾನವನ್ನು ಕಾಸರಗೋಡಿನ ಸಂಸ್ಥೆಯವರು ರೂಪಿಸಿದ್ದಾರೆ, ಆದರೆ ನರ್ಸರಿಯಲ್ಲಿ ಹೋಗಿ ಕೇಳಿದ ತಕ್ಷಣ ಸಿಗುವಂಥದ್ದಲ್ಲ.

ಇದರಿಂದ ಹುಟ್ಟುವ ಮೋಸ ಒಂದಿದೆ, ಸಸಿ ಕೊಳ್ಳುವ ಮುಂಚೆ ತಿಳಿದಿರಲಿ. ಸಂಕರ ಮರದಲ್ಲಿ ಬಿಟ್ಟ ಗೋಟಡಿಕೆಯನ್ನೇ ಬಿತ್ತಿ "ಡ್ವಾರ್ಫ್ ಸಸಿ" ಅಂತ ಮಾರಿದರೆ ಅದು ಅದೇ ತಳಿ ಆಗಲ್ಲ. ಎರಡನೇ ತಲೆಮಾರಿನಲ್ಲಿ ಗುಣಗಳು ಚದುರುತ್ತವೆ: ಕೆಲವು ಎತ್ತರ, ಕೆಲವು ಅಜ್ಜಿಯ ಹಾಗೆ ಸೊಟ್ಟ ಕಾಯಿಯ ಕುಳ್ಳ, ಕೆಲವು ನಡುವಿನವು. ಸಸಿ ಇಟ್ಟು ಐದಾರು ವರ್ಷ ಕಾದಮೇಲೆ ಗೊತ್ತಾಗುತ್ತೆ. ನಮ್ಮ ಮಾವ ಒಂದು ನರ್ಸರಿಯಲ್ಲಿ ಹೀಗೆ ಇಪ್ಪತ್ತು ಸಸಿ ತಂದು ಇಟ್ಟಿದ್ದರು. ಈಗ ಅವುಗಳಲ್ಲಿ ಹದಿಮೂರು ಬೇರೆ ಮರಗಳ ಭುಜಕ್ಕೆ ಭುಜ ಕೊಟ್ಟು ನಿಂತಿವೆ.

ನಷ್ಟ ಒಬ್ಬರದ್ದು, ಲಾಭ ಇನ್ನೊಬ್ಬರದ್ದು

ಮಾವನ ಜೊತೆ ಕೂತು ಒಮ್ಮೆ ಲೆಕ್ಕ ಹಾಕಿದೆ. ಮೋಹಿತ್‌ನಗರ ತಳಿಗೆ ಹೇಳುವ ಸರಾಸರಿ ಇಳುವರಿ 3.67 ಕೆ.ಜಿ. ಅದರ ಕುಳ್ಳ ಮಗಳದ್ದು 2.64. ಮರಕ್ಕೆ ಒಂದು ಕೆ.ಜಿ. ಖೋತಾ. ಒಂಬತ್ತಡಿಗೊಂದು ಮರದಂತೆ ಎಕರೆಗೆ ಸುಮಾರು 540 ಮರ. ಕೆ.ಜಿ.ಗೆ 400 ರೂಪಾಯಿ ಅಂತ ಇಟ್ಟುಕೊಂಡರೂ ವರ್ಷಕ್ಕೆ ಎರಡು ಲಕ್ಷ ರೂಪಾಯಿಗೂ ಮೀರಿ ಕಡಿಮೆ. ಕುಳ್ಳ ಮರದ ಹರವು ಕಡಿಮೆ, ಇನ್ನಷ್ಟು ಒತ್ತಾಗಿ ಇಡಬಹುದು, ಕೊಯ್ಲಿನ ಖರ್ಚೂ ಇಳಿಯುತ್ತೆ ಅಂತ ನಾನು ವಾದ ಮಾಡಿದೆ. ಮಾವ ಒಂದೇ ಮಾತು ಹೇಳಿದರು: "ನಮ್ದು ಚೇಣಿಗೆ ಕೊಡೋದಲ್ವೇನಪ್ಪ. ಮರ ಹತ್ಸೋ ತಲೆನೋವು ಚೇಣಿಯವ್ರದ್ದು."

ಗೊತ್ತಿಲ್ಲದವರಿಗೆ: ಚೇಣಿ ಅಂದರೆ ಮರದ ಮೇಲಿನ ಫಸಲನ್ನು ಮೊದಲೇ ವ್ಯಾಪಾರಿಗೆ ಗುತ್ತಿಗೆ ಕೊಡೋದು. ಕೀಳಿಸೋದು, ಸುಲಿಸೋದು, ಬೇಯಿಸೋದು ಅವರದ್ದೇ. ಚೇಣಿಯವರು ಮರ ಹತ್ತೋರನ್ನು ಕರೆತರುತ್ತಾರೆ, ಕೂಲಿ ಮಾತಾಡಿಕೊಳ್ಳುತ್ತಾರೆ. ತಳಿ ಆರಿಸೋರು ಮಾಲೀಕರು, ಹತ್ತಿಸೋರು ವ್ಯಾಪಾರಿಗಳು, ಹತ್ತೋರು ಮೂರನೆಯವರು. ಮರ ಗಿಡ್ಡವಾದರೆ ಇಳುವರಿಯ ನಷ್ಟ ಮೊದಲನೆಯವರಿಗೆ. ಬೆನ್ನುಮೂಳೆ ಉಳಿಯೋದು ಮೂರನೆಯವರಿಗೆ. ಸಸಿ ಇಡುವ ದಿನ ಮೂರನೆಯವರನ್ನು ಯಾರೂ ಕೇಳಲ್ಲ. ಈ ಮೂರು ಗುಂಪಿನ ಎದುರು ಜಾತಿಯ ಕಾಲಂ ಒಂದನ್ನು ಹಾಕಿ ನೋಡಿ, ನಿಮ್ಮೂರಿನ ಪಟ್ಟಿ ನಿಮಗೇ ಗೊತ್ತಿರುತ್ತೆ.

ಕುಳ್ಳ ತಳಿ ಮಾರುಕಟ್ಟೆಯ ಬಲದಿಂದ ತಾನಾಗಿ ಹರಡಲ್ಲ ಅಂತ ನಾನು ಹೇಳೋದು ಇದಕ್ಕೇ. ಖಾಸಗಿ ಬೀಜ ಕಂಪನಿಗೂ ಇದರಲ್ಲಿ ಆಸಕ್ತಿ ಇರಲಾರದು. ಒಂದು ಸಂಕರ ಮಾಡಿ, ಸಸಿ ಇಟ್ಟು, ಫಸಲು ಸ್ಥಿರವಾಗೋವರೆಗೆ ಅಳೆದು ನೋಡೋಕೆ ಹದಿನೈದು ವರ್ಷ ಬೇಕು. ಒಮ್ಮೆ ಸಸಿ ಕೊಂಡ ರೈತ ಮತ್ತೆ ಅಂಗಡಿಗೆ ಬರೋದು ಮಗನ ಕಾಲಕ್ಕೆ. ಮಾಡಿದರೆ ಸರಕಾರಿ ಸಂಸ್ಥೆಯೇ ಮಾಡಬೇಕು. ಹಿರೇಹಳ್ಳಿಯಲ್ಲಿ ಬಯಲುಸೀಮೆಯ ಅಡಿಕೆಗೆ ಅಂತಲೇ ಒಂದು ಪ್ರಾದೇಶಿಕ ಸಂಶೋಧನಾ ಕೇಂದ್ರ ಇತ್ತು ಅನ್ನೋದು ಈಗಿನ ಎಷ್ಟು ಜನಕ್ಕೆ ಗೊತ್ತು? ಇವತ್ತು ಅಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ಇದೆ, ಹಲಸು ಹುಣಸೆಯ ಒಳ್ಳೆ ಕೆಲಸ ಆಗಿದೆ. ಕೆಂಪಡಿಕೆಗೆ ಹೊಂದುವ ಕುಳ್ಳ ತಳಿಯ ಕೆಲಸಕ್ಕೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

ನಮ್ಮ ಜಿಲ್ಲೆಯ ಅಡಿಕೆ ರಾಜಕೀಯ ನೋಡಿ. ಗುಬ್ಬಿಯವರಿಗೂ ಕುಣಿಗಲ್‌ನವರಿಗೂ ಹೇಮಾವತಿ ಲಿಂಕ್ ಕೆನಾಲ್ ವಿಚಾರಕ್ಕೆ ಮಾತೇ ಬಿಟ್ಟುಹೋಗಿದೆ. ನಮ್ಮ ನೀರು ಹೋಗುತ್ತೆ ಅಂತ ಇವರು, ನಮ್ಮ ಪಾಲು ಕೊಡಿ ಅಂತ ಅವರು. 2025ರಲ್ಲಿ ಗುಬ್ಬಿ ತಾಲೂಕಿನ ರೈತರು ಬೀದಿಗಿಳಿದದ್ದು ನೀವು ನೋಡಿದ್ದೀರಿ. ಬೆಲೆಯ ವಿಚಾರಕ್ಕೆ ಬಂದರೆ 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಅವಕಾಶ ಕೊಟ್ಟಾಗ ಗದ್ದಲ ಆಯಿತು, 2023ರಲ್ಲಿ ಕನಿಷ್ಠ ಆಮದು ಬೆಲೆ ಕೆ.ಜಿ.ಗೆ 351 ರೂಪಾಯಿಗೆ ಏರಿತು. ನೀರು, ಬೆಲೆ ಎರಡೂ ನ್ಯಾಯವಾದ ಜಗಳಗಳೇ. ಆದರೆ ಎರಡೂ ತೋಟ ಇರೋರ ಜಗಳ. ಕುಣಿಗಲ್ ಕಡೆ ರಾಗಿ ಹೊಲ ತೋಟ ಆದ ಕಡೆಗಳಲ್ಲಿ ಈಗ ಎದೆಮಟ್ಟ ಇರುವ ಸಸಿಗಳನ್ನು ಹದಿನೈದು ವರ್ಷ ಆದಮೇಲೆ ಯಾರು ಹತ್ತುತ್ತಾರೆ ಅನ್ನೋದು ಯಾವ ವೇದಿಕೆಯಲ್ಲೂ ಕೇಳಿಬರಲ್ಲ.

ದೋಟಿ ಇದೆಯಲ್ಲ ಅನ್ನಬಹುದು. ಹೌದು, ಕಾರ್ಬನ್ ಫೈಬರ್ ದೋಟಿ ಬಂದಿದೆ, ಹಗುರ, ನೆಲದ ಮೇಲೆ ನಿಂತೇ ಗೊನೆ ಕತ್ತರಿಸಬಹುದು. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತೆ, ಅಲ್ಯೂಮಿನಿಯಂ ಅಂತೂ ಹೇಳೋದೇ ಬೇಡ. ತೋಟದ ಮೇಲೆ ಲೈನ್ ಹಾದುಹೋದ ಕಡೆ ದೋಟಿ ತಗುಲಿ ಸತ್ತ ಸುದ್ದಿಗಳನ್ನು ನಾನೇ ಡೆಸ್ಕಿನಲ್ಲಿ ಕೂತು ಎಡಿಟ್ ಮಾಡಿದ್ದೇನೆ. ಬಂಟ್ವಾಳ ಕಡೆಯ ರೈತರೊಬ್ಬರು ಮಾಡಿದ ಮರ ಹತ್ತುವ ಬೈಕ್ 2019ರಲ್ಲಿ ದೊಡ್ಡ ಸುದ್ದಿಯಾಯಿತು, ನಮ್ಮ ಪ್ರಾಜೆಕ್ಟಿಗಿಂತ ಸಾವಿರ ಪಾಲು ವಾಸಿ. ತೆಂಗಿನ ಮರ ಹತ್ತೋರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಇದೆ. ಅಡಿಕೆ ಆ ಮಂಡಳಿಯ ವ್ಯಾಪ್ತಿಗೆ ಬರಲ್ಲ.

ಹೋದ ಸೀಸನ್ನಿನಲ್ಲಿ ಮಾವನ ತೋಟಕ್ಕೆ ಹೋದಾಗ, ಅವತ್ತು ನಮ್ಮ ಯಂತ್ರ ಇಳಿಸಿಕೊಟ್ಟವರೇ ಸಿಕ್ಕರು. ಈಗ ಐವತ್ತರ ಹತ್ತಿರ. ಮರದಿಂದ ಮರಕ್ಕೆ ದಾಟೋದು ಬಿಟ್ಟಿದ್ದಾರೆ, ಎಡ ಮೊಣಕಾಲು ಪೂರ್ತಿ ಮಡಚಲ್ಲ. ಕುಳ್ಳ ಅಡಿಕೆಯ ಕತೆಯನ್ನು ನಾನು ಉತ್ಸಾಹದಿಂದ ಹೇಳಿದೆ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ.

ಸುಮ್ಮನೆ ಕೇಳಿಸಿಕೊಂಡು ಅಂದರು: "ಅಣ್ಣ, ಮರ ಎತ್ರ ಐತೆ ಅಂತ್ಲೇ ನಂಗೆ ಮರದ ಲೆಕ್ಕದಾಗೆ ದುಡ್ಡು ಕೊಡೋದು. ಕುಳ್ಳಗಾದ್ರೆ ದಿನಗೂಲಿ ಕೊಟ್ಟು ಹೆಂಗಸ್ರು ಕೈಲಿ ಕೀಳಿಸ್ತಾರೆ. ಅವ್ರಿಗೂ ಸರಿಯಾಗಿ ಕೊಡಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎತ್ತರ ಇಳಿದರೆ ಅಪಾಯದ ಜೊತೆ ಕೌಶಲದ ಬೆಲೆಯೂ ಇಳಿಯುತ್ತೆ. ನಾನು ಎಂಜಿನಿಯರ್ ಥರ ಯೋಚಿಸುತ್ತಿದ್ದೆ, ಅವರು ಕೂಲಿಯವರ ಥರ. ಮಗನಿಗೆ ಈ ಕೆಲಸ ಕಲಿಸಿದ್ದೀರಾ ಅಂತ ಕೇಳಿದೆ. "ಅಯ್ಯೋ, ಬ್ಯಾಡಪ್ಪ" ಅಂದರು. ಮಗ ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾನಂತೆ. ಕುಳ್ಳ ಅಡಿಕೆಯೂ ಅದೇ ಊರಿನದ್ದು ಅಂದಾಗ ಮಾತ್ರ ಅವರಿಗೆ ನಗು ಬಂತು.

ಮಾವ ಪಕ್ಕದ ಒಂದು ಎಕರೆಗೆ ಈ ವರ್ಷ ಹೊಸದಾಗಿ ಅಡಿಕೆ ಇಡಿಸಿದ್ದಾರೆ. ಎತ್ತರದ ತಳಿಯೇ. ಹದಿಮೂರು ಮರದ ಅನುಭವ ಆದಮೇಲೆ ಡ್ವಾರ್ಫ್ ಅಂದರೆ ಅವರಿಗೆ ಸಿಟ್ಟು. ಈ ಸಸಿಗಳು ದೋಟಿಗೂ ಸಿಗದಷ್ಟು ಮೇಲೆ ಹೋಗುವ ಹೊತ್ತಿಗೆ ಈಗ ಹತ್ತುತ್ತಿರುವವರು ಯಾರೂ ಹತ್ತೋ ಸ್ಥಿತಿಯಲ್ಲಿ ಇರಲ್ಲ, ಆಗೇನು ಮಾಡ್ತೀರಿ ಮಾವ ಅಂತ ಕೇಳಿದೆ.

"ಆಗಿನ್ ಮಾತು ಆಗ ನೋಡ್ಕಳಣ ಬಿಡು" ಅಂದು ಮೋಟರ್ ಆನ್ ಮಾಡೋಕೆ ಹೋದರು.